ಟೆಂಟ್ ಒಳಗೆ ಬೇಡ, ಹೊರಗಿಟ್ಟು ಬಿಸಿ ಮಾಡಿ

ಬೆಂಕಿಯಿಲ್ಲದೆ ತಾನಾಗೇ ಬಿಸಿಯಾಗುವ ಊಟದ ಪ್ಯಾಕೆಟ್ ಚಾರಣಕ್ಕೆ ತಗೊಂಡು ಹೋಗಬೇಕು ಅಂತಿದ್ದೀರಿ. ಮಳೆ ಬಂದರೆ ಟೆಂಟ್ ಒಳಗೇ ಬಿಸಿ ಮಾಡಬಹುದಾ, ಅದರಿಂದ ಏಳುವ ಹೊಗೆ ಊಟಕ್ಕೆ ಸೇರುತ್ತದಾ, ಇವೆರಡು ನಿಮ್ಮ ಪ್ರಶ್ನೆ.

ಎರಡನೆಯದು ಸುಲಭ. ಅದು ಹೊಗೆಯಲ್ಲ, ಬಹುಪಾಲು ನೀರಿನ ಹಬೆ. ಊಟದ ಪೊಟ್ಟಣ ಬೇರೆ, ಬಿಸಿ ಮಾಡುವ ಚೀಲ ಬೇರೆ. ಪೊಟ್ಟಣದ ಗೋಡೆಯಲ್ಲಿ ಪ್ಲಾಸ್ಟಿಕ್ ಪದರಗಳ ಮಧ್ಯೆ ಅಲ್ಯೂಮಿನಿಯಂ ಹಾಳೆ ಇರುತ್ತದೆ. ಊಟ ತುಂಬಿ ಬಾಯಿ ಮುಚ್ಚಿ, ಸುಮಾರು 121 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒತ್ತಡ ಕೊಟ್ಟು ಕಾಯಿಸಿರುತ್ತಾರೆ. ಅದಕ್ಕೇ ಫ್ರಿಜ್ ಇಲ್ಲದೆ ತಿಂಗಳುಗಟ್ಟಲೆ ಕೆಡುವುದಿಲ್ಲ. ಅಂದರೆ ಅದು ಬೆಂದಿರುವ ಊಟ. ಬಿಸಿಯಾಗದಿದ್ದರೂ ತಣ್ಣಗೇ ತಿನ್ನಬಹುದು, ಸುಮ್ನೆ ಗಾಬರಿ ಬೇಡ. ಡಬ್ಬಿಯ ಮೇಲಿನ ತಟ್ಟೆಗೆ ಊಟ ಸುರಿದು ಕೆಳಗೆ ನೀರು ಹಾಕುವ ಥರದ್ದಾದರೆ ಮಾತ್ರ ಸ್ವಲ್ಪ ಹುಷಾರು. ಕೆಳಗಿನ ನೀರು ಊಟಕ್ಕೆ ಚೆಲ್ಲಿದರೆ ಆ ಊಟ ಬಿಟ್ಟುಬಿಡಿ.

ಇನ್ನು ಟೆಂಟ್. ಬೇಡ. ಯಾಕೆ ಅಂತ ಹೇಳಬೇಕಾದರೆ ಆ ಚೀಲದೊಳಗೆ ಏನಿದೆ ಅಂತ ಹೇಳಬೇಕು.

ಒಂದು ಬಗೆಯಲ್ಲಿ ಇರುವುದು ಸುಟ್ಟ ಸುಣ್ಣ. ಸುಣ್ಣದ ಕಲ್ಲಿಗೆ ನೀರು ಬಿಟ್ಟರೆ ಅದು ಕೊತಕೊತ ಕುದಿದು ಅರಳುತ್ತದಲ್ಲ, ಅದೇ ಬಿಸಿ. ಇನ್ನೊಂದರಲ್ಲಿ ಮೆಗ್ನೀಸಿಯಂ ಪುಡಿ, ಜೊತೆಗೆ ಚೂರು ಕಬ್ಬಿಣ, ಚೂರು ಉಪ್ಪು. ಅಮೆರಿಕದ ಸೈನಿಕರ ಊಟದ ಪ್ಯಾಕೆಟ್‌ನಲ್ಲಿ ಬರುವುದು ಇದು. ಮೆಗ್ನೀಸಿಯಂ ಒಂದೇ ಇದ್ದರೆ ತಣ್ಣೀರಿನಲ್ಲಿ ತೆಪ್ಪಗೆ ಬಿದ್ದಿರುತ್ತದೆ. ಕಬ್ಬಿಣ, ಉಪ್ಪು ಸೇರಿದರೆ ಬೇಗ ಬೇಗ ತುಕ್ಕು ಹಿಡಿದ ಹಾಗೆ ಕರಗುತ್ತಾ ಬಿಸಿ ಬಿಡುತ್ತದೆ. ಎರಡರ ಶಕ್ತಿಯಲ್ಲಿ ಅಜಗಜಾಂತರ. 300 ಗ್ರಾಂ ಊಟವನ್ನು 50 ಡಿಗ್ರಿಯಷ್ಟು ಬಿಸಿ ಮಾಡಲು ಸುಮಾರು 60 ಕಿಲೋಜೂಲ್ ಬೇಕು. ಒಂದು ಚೂರೂ ಪೋಲಾಗದಿದ್ದರೆ ಇದಕ್ಕೆ ಸುಣ್ಣ 50 ಗ್ರಾಂ ದಾಟುತ್ತದೆ, ಮೆಗ್ನೀಸಿಯಂ 5 ಗ್ರಾಂ ಒಳಗೇ ಮುಗಿಯುತ್ತದೆ. ನಿಜದಲ್ಲಿ ಪೋಲಾಗುವುದೇ ಜಾಸ್ತಿ, ಹಾಗಾಗಿ ಎರಡನ್ನೂ ಇದಕ್ಕಿಂತ ಹೆಚ್ಚೇ ಹಾಕಿರುತ್ತಾರೆ.

ಆದರೆ ಮೆಗ್ನೀಸಿಯಂ ನೀರಿನ ಜೊತೆ ಸೇರಿದಾಗ ಹೈಡ್ರೋಜನ್ ಅನಿಲ ಬರುತ್ತದೆ. 5 ಗ್ರಾಂ ಪೂರ್ತಿ ಕರಗಿದರೆ ಹತ್ತಿರ ಹತ್ತಿರ 5 ಲೀಟರ್. ಗಾಳಿಯಲ್ಲಿ ಶೇಕಡಾ 4ರಷ್ಟು ಹೈಡ್ರೋಜನ್ ಇದ್ದರೆ ಸಾಕು, ಕಿಡಿ ತಗುಲಿದರೆ ಹತ್ತಿಕೊಳ್ಳುತ್ತದೆ. ಕೆಲವು ಸುಣ್ಣದ ಚೀಲಗಳಿಗೂ ಅಲ್ಯೂಮಿನಿಯಂ ಪುಡಿ ಬೆರೆಸಿರುತ್ತಾರೆ, ಅದರಿಂದಲೂ ಇದೇ ಅನಿಲ. ಜಿಪ್ ಎಳೆದ ಟೆಂಟ್, ಒಂದರ ಹಿಂದೆ ಒಂದು ನಾಲ್ಕು ಪ್ಯಾಕೆಟ್, ಮೂಲೆಯಲ್ಲಿ ಯಾರೋ ಒಬ್ಬರು ಲೈಟರ್ ಹಚ್ಚಿದರು ಅಂದುಕೊಳ್ಳಿ. ಬೇಡ ಅಲ್ವಾ? ಮಳೆ ಬಂದರೆ ಟೆಂಟ್ ಬಾಗಿಲ ಹೊರಗೆ, ಮೇಲಿನ ಹೊದಿಕೆ ಚಾಚಿಕೊಂಡಿರುವ ಕಡೆ ಇಡಿ. ಗಾಳಿ ಆಡುತ್ತಿರಬೇಕು, ಅಷ್ಟೇ.

ನಾನೊಮ್ಮೆ ಇನ್ನೊಂದು ಎಡವಟ್ಟು ಮಾಡಿದ್ದೆ. ಡಬ್ಬಿಯ ಮುಚ್ಚಳದಲ್ಲಿ ಒಂದು ಸಣ್ಣ ತೂತು ಇತ್ತು. ಅದರಿಂದ ಹಬೆ ಬುಸ್ ಅಂತ ಹೋಗುತ್ತಿತ್ತು. ಅಯ್ಯೋ, ಬಿಸಿಯೆಲ್ಲ ಹಾಳಾಗುತ್ತಿದೆ ಅಂತ ಮೇಲೆ ಒದ್ದೆ ಟವೆಲ್ ಮಡಚಿಟ್ಟು ಕೈಯಿಂದ ಒತ್ತಿ ಹಿಡಿದೆ. ಅರ್ಧ ನಿಮಿಷ ಸುಮ್ಮನಿತ್ತು. ಆಮೇಲೆ ಡಬ್ಬಿಯ ಪಕ್ಕೆಗಳು ಉಬ್ಬಿದವು, ಮುಚ್ಚಳದ ಒಂದು ಮೂಲೆ ಪಟ್ ಅಂತ ಎದ್ದು ಬಿಸಿ ನೀರು ಮಣಿಕಟ್ಟಿನ ಮೇಲೆ ಬಿತ್ತು. ಬೊಬ್ಬೆ ಮಾಯಲು ಒಂದು ವಾರ ಹಿಡಿಯಿತು. ಆ ತೂತು ಇರುವುದೇ ಹಬೆ ಹೋಗಲಿಕ್ಕೆ. ಮುಚ್ಚಬೇಡಿ. ನನ್ನ ಮುಖ ಅದರ ಮೇಲೆ ಇರಲಿಲ್ಲ ಅನ್ನುವುದು ಪುಣ್ಯ, ಸುಣ್ಣದ ನೀರು ಕಣ್ಣಿಗೆ ಹಾರಿದ್ದರೆ ಕಥೆಯೇ ಬೇರೆ ಆಗುತ್ತಿತ್ತು.

ಇದೇನೂ ಹೊಸ ತಪ್ಪಲ್ಲ. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ಸೈನಿಕರಿಗೆ ತಾನೇ ಬಿಸಿಯಾಗುವ ಸೂಪ್ ಡಬ್ಬಿ ಕೊಟ್ಟಿದ್ದರು. ನಡುವಿನ ಕೊಳವೆಯಲ್ಲಿ ಇಂಧನ, ಮೇಲೊಂದು ಬತ್ತಿ. ಸಿಗರೇಟಿನ ತುದಿ ತಾಗಿಸಿದರೂ ಹೊತ್ತಿಕೊಳ್ಳುತ್ತಿತ್ತು. ಬತ್ತಿ ಹಚ್ಚುವ ಮೊದಲು ಡಬ್ಬಿಗೆ ತೂತು ಹೊಡೆಯುವುದನ್ನು ಮರೆತರೆ ಸೂಪ್ ಮುಖಕ್ಕೇ.

ಬಳಸುವಾಗ ಗೆರೆ ಇರುವಷ್ಟೇ ನೀರು ಹಾಕಿ. ಜಾಸ್ತಿ ಹಾಕಿದರೆ ಆ ನೀರನ್ನು ಕಾಯಿಸುವುದಕ್ಕೇ ಅರ್ಧ ಬಿಸಿ ಹೋಗುತ್ತದೆ. ಕುದಿನೀರಂತೂ ಬೇಡವೇ ಬೇಡ, ಒಮ್ಮೆಗೇ ಉಕ್ಕುತ್ತದೆ. ಗಾಜಿನ ಮೇಲಾಗಲಿ ಟೆಂಟ್‌ನ ನೆಲಹಾಸಿನ ಮೇಲಾಗಲಿ ಇಡಬೇಡಿ, ಕಲ್ಲಿನ ಮೇಲಿಡಿ. ತುಂಬಾ ಚಳಿಯಿದ್ದರೆ ಪೊಟ್ಟಣವನ್ನು ಸ್ವಲ್ಪ ಹೊತ್ತು ಮೊದಲೇ ಜಾಕೆಟ್ ಒಳಗೆ ಇಟ್ಟುಕೊಳ್ಳಿ. ಇದರಿಂದ ಆಗುವ ವ್ಯತ್ಯಾಸ ನೋಡಿದರೆ ನಿಮಗೇ ಆಶ್ಚರ್ಯವಾಗುತ್ತದೆ. ಹನ್ನೆರಡು ಹದಿನೈದು ನಿಮಿಷ ಕಾಯಬೇಕು. ಹಸಿದವರಿಗೆ ಇದೇ ಕಷ್ಟ, ಐದು ನಿಮಿಷಕ್ಕೇ ಬಿಚ್ಚಿ ತಣ್ಣಗಿದೆ ಅಂತ ಬೈಯುತ್ತಾರೆ.

ವಿಮಾನದಲ್ಲಿ ಹೋಗುವುದಾದರೆ ಮೊದಲೇ ಕೇಳಿಕೊಳ್ಳಿ, ಈ ಬಿಸಿ ಚೀಲವನ್ನು ಬ್ಯಾಗಿನಲ್ಲಿ ಬಿಡದ ಕಂಪನಿಗಳಿವೆ. ತಿಂದಾದ ಮೇಲೆ ಚೀಲ ಪೂರ್ತಿ ತಣ್ಣಗಾಗುವ ತನಕ ಬಾಯಿ ಕಟ್ಟಬೇಡಿ. ಕಾಡಿನಲ್ಲಿ ಎಸೆಯದೆ ವಾಪಸ್ ಹೊತ್ತು ತನ್ನಿ. ಬಿಸಿ ಮಾಡಲು ಹಾಕಿದ ನೀರನ್ನು ಚೀಲ ಹೀರಿಕೊಂಡಿರುವುದರಿಂದ ಹೋಗುವಾಗಿನದಕ್ಕಿಂತ ಬರುವಾಗ ಭಾರವಾಗಿರುತ್ತದೆ. ಗಟ್ಟಿಯಾದ ಒಂದು ಕವರ್ ಜಾಸ್ತಿ ಇಟ್ಟುಕೊಂಡಿರಿ.