ಡಬ್ಬಿ ಬರೆದವನೂ ಕಲಾವಿದನೇ?

ಪ್ರಶ್ನೆ: ಮಗಳು ಮೈಸೂರಿನಲ್ಲಿ ಪ್ರಿಂಟ್‌ಮೇಕಿಂಗ್ ಕಲಿಯುತ್ತಿದ್ದಾಳೆ. ರೂಮಿನ ತುಂಬ ಆಂಡಿ ವಾರ್ಹಾಲ್ ಚಿತ್ರಗಳು. ಸೂಪಿನ ಡಬ್ಬಿ ಬರೆದವನು ದೊಡ್ಡ ಕಲಾವಿದ ಹೇಗಾದ? ಜೊತೆಗೆ ಇವಳಿಗೆ ನಾಲ್ಕು ಜನರ ಮುಂದೆ ಮಾತೇ ಹೊರಡುವುದಿಲ್ಲ. ಮುಂದೆ ಬರುತ್ತಾಳಾ?
– ಓದುಗರು, ಮಂಡ್ಯ

ಉತ್ತರ: ಮಾತಿನ ವಿಷಯ ಮೊದಲು. ವಾರ್ಹಾಲ್ ಮಹಾ ಸಂಕೋಚದ ಮನುಷ್ಯ. 1967ರಲ್ಲಿ ಕಾಲೇಜುಗಳಿಗೆ ಭಾಷಣಕ್ಕೆ ಬರುತ್ತೇನೆಂದು ಒಪ್ಪಿಕೊಂಡು, ಒಬ್ಬ ನಟನಿಗೆ ತಮ್ಮ ವೇಷ ಹಾಕಿಸಿ ಕಳಿಸಿದ್ದರು!

ಹುಟ್ಟಿದ್ದು 1928ರಲ್ಲಿ, ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ. ವಲಸೆ ಬಂದ ಕೂಲಿಕಾರರ ಮನೆ. ಚಿಕ್ಕಂದಿನಲ್ಲೇ ಕೈಕಾಲು ತಾವಾಗಿ ಅದುರುವ ಕಾಯಿಲೆ ಬಂದು ಹಾಸಿಗೆ ಹಿಡಿದರು. ಅಮ್ಮ ಜೂಲಿಯಾ ಬಣ್ಣ ತುಂಬುವ ಪುಸ್ತಕ, ಸಿನಿಮಾ ಪತ್ರಿಕೆ ತಂದುಕೊಟ್ಟರು. ಹುಡುಗ ಮಲಗಿದಲ್ಲೇ ತಾರೆಯರ ಮುಖ ನೋಡುತ್ತಾ ಬೆಳೆದ. ಚರ್ಚಿಗೆ ಹೋದರೆ ಅಲ್ಲೂ ಸಾಲು ಸಾಲು ಸಂತರ ಪಟಗಳು. ಮುಂದೆ ಅವರು ಹಾಲಿವುಡ್ ನಟಿ ಮರ್ಲಿನ್ ಮನ್ರೋ ಮುಖವನ್ನು ಚಿನ್ನದ ಬಣ್ಣದ ನಡುವೆ ಕೂರಿಸಿದ್ದನ್ನು ನೋಡಿದಾಗೆಲ್ಲ ನನಗೆ ಆ ಪಟಗಳೇ ನೆನಪಾಗುತ್ತವೆ.

ಇನ್ನು ಡಬ್ಬಿ. 1962ರಲ್ಲಿ ಲಾಸ್ ಏಂಜಲೀಸ್‌ನಲ್ಲಿ 32 ಕ್ಯಾನ್ವಾಸ್ ಇಟ್ಟರು. ಕ್ಯಾಂಪ್‌ಬೆಲ್ ಕಂಪನಿಯ ಒಂದೊಂದು ಬಗೆಯ ಸೂಪಿಗೆ ಒಂದೊಂದು, ಅಂಗಡಿಯಲ್ಲಿ ಜೋಡಿಸಿದ ಹಾಗೆ. ಬಹಳ ಜನ ನಕ್ಕರು. ನೀವು ಒಂದು ಕೆಲಸ ಮಾಡಿ. ಮನೆಯಲ್ಲಿ ಮೈಸೂರ್ ಸ್ಯಾಂಡಲ್ ಸೋಪಿನ ಪೆಟ್ಟಿಗೆ ಇದ್ದರೆ ಅದರ ಮೇಲಿನ ಗುರುತು ನೋಡಿ. ಸಿಂಹದ ಮೈ, ಆನೆಯ ತಲೆ. ಶರಭ ಅದು. ಎಷ್ಟು ವರ್ಷದಿಂದ ಕೈಯಲ್ಲಿ ಹಿಡಿದಿದ್ದೇವೆ, ಯಾರು ನೋಡಿದ್ದೇವೆ, ಹೇಳಿ? ಬಡವರ ಮನೆಗೂ ಬರುವ ಒಂದು ವಸ್ತುವನ್ನು ವಾರ್ಹಾಲ್ ಅಷ್ಟು ಗೌರವದಿಂದ ನೋಡಿದರು. ಸದಾ ಮಾತಾಡುವವರಿಗೆ ಅಂಥ ನೋಟ ಸುಲಭಕ್ಕೆ ದಕ್ಕುವುದಿಲ್ಲ ಅಂತ ನನ್ನ ನಂಬಿಕೆ.

ಆಮೇಲೆ ಅವರು ಹಿಡಿದದ್ದು ಸ್ಕ್ರೀನ್ ಪ್ರಿಂಟಿಂಗ್. ನಿಮ್ಮೂರಲ್ಲಿ ಲಗ್ನಪತ್ರಿಕೆ ಮಾಡುವವರಿಗೆ ಚೆನ್ನಾಗಿ ಗೊತ್ತಿರುವ ಕೆಲಸ: ಚೌಕಟ್ಟಿಗೆ ಬಿಗಿದ ಬಟ್ಟೆ, ಮೇಲೆ ಇಂಕು, ರಬ್ಬರ್ ಪಟ್ಟಿಯಿಂದ ಒಂದು ಎಳೆತ. ಮರ್ಲಿನ್ ತೀರಿಕೊಂಡದ್ದು 1962ರ ಆಗಸ್ಟ್‌ನಲ್ಲಿ. ಅದೇ ವರ್ಷ ವಾರ್ಹಾಲ್ ಆಕೆಯ ಒಂದೇ ಫೋಟೋದಿಂದ 50 ಮುಖ ಒತ್ತಿದರು. ಎಡಗಡೆ ಭರ್ಜರಿ ಬಣ್ಣ. ಬಲಗಡೆ ಬರೀ ಕಪ್ಪು. ಅಲ್ಲಿ ಒಂದು ಸಾಲಿನಲ್ಲಿ ಇಂಕು ಜಾಸ್ತಿಯಾಗಿ ಮುಖಗಳೇ ಮುಚ್ಚಿಹೋಗಿವೆ. ಅಂಚಿಗೆ ಬರುತ್ತಾ ಬರುತ್ತಾ ಮಾಸಿ, ಆಕೆ ಕಾಣದಂತಾಗುತ್ತಾಳೆ. ಪ್ರೆಸ್ಸಿನವರಾದರೆ ವೇಸ್ಟ್ ಅಂತ ಎಸೆಯುತ್ತಿದ್ದರು. ವಾರ್ಹಾಲ್ ಅದನ್ನು ಹಾಗೇ ಉಳಿಸಿದರು. ಒಂದು ಸಾವಿನ ಬಗ್ಗೆ ಹೇಳಬೇಕಾದ್ದೆಲ್ಲ ಅಲ್ಲೇ ಇದೆ, ಅಲ್ವಾ?

ಮಗಳನ್ನು ಮಾತಾಡು ಮಾತಾಡು ಅಂತ ಪೀಡಿಸಬೇಡಿ. ರಜೆಗೆ ಬಂದಾಗ ಪ್ರಿಂಟ್ ತೆಗೆಯುವುದನ್ನು ಪಕ್ಕದಲ್ಲಿ ನಿಂತು ಸುಮ್ನೆ ನೋಡಿ. ಅವಳ ಕೆಲಸ ನೋಡುವ ಆಸೆ ನಮಗೂ ಇದೆ. ನಾಲ್ಕು ಪ್ರಿಂಟಿನ ಫೋಟೋ ಕಳಿಸಲಿ. ಜೊತೆಗೆ ಪತ್ರ, ಪರಿಚಯ ಏನೂ ಬೇಡ.