ಯುದ್ಧಕಾಲದ ಆಸ್ಪತ್ರೆಯವರನ್ನು ಗೌರವಿಸುವ ಬಗೆ

ಪ್ರಶ್ನೆ: ನಮ್ಮ ಅಜ್ಜ ಎರಡನೆಯ ಮಹಾಯುದ್ಧದ ಕಾಲದಲ್ಲಿ ಬರ್ಮಾ ಗಡಿಯ ಮಿಲಿಟರಿ ಆಸ್ಪತ್ರೆಯೊಂದರಲ್ಲಿ ವಾರ್ಡಿನ ಕೆಲಸ ಮಾಡುತ್ತಿದ್ದರು. ನಮ್ಮ ತಾಲ್ಲೂಕಿನ ಮಾಜಿ ಸೈನಿಕರೊಂದಿಗೆ ಸೇರಿ, ಇಂತಹ ಆಸ್ಪತ್ರೆಗಳಲ್ಲಿ ದುಡಿದವರನ್ನೂ ಅಲ್ಲಿ ಮಲಗಿದ್ದ ರೋಗಿಗಳನ್ನೂ ಸ್ಮರಿಸುವ ಕಾರ್ಯಕ್ರಮವನ್ನು ಏರ್ಪಡಿಸಬೇಕೆಂದಿದ್ದೇವೆ. ಬಂದೂಕು ಹಿಡಿಯದವರನ್ನೂ ಜ್ವರ ಬಂದು ಮಲಗಿದವರನ್ನೂ ವೀರರ ಸಾಲಿನಲ್ಲಿ ಸೇರಿಸುವುದು ಸರಿಯೇ ಎಂದು ಕೆಲವರು ಕೇಳುತ್ತಿದ್ದಾರೆ. ಅಜ್ಜನ ದಾಖಲೆಗಳನ್ನು ಎಲ್ಲಿ ಹುಡುಕಬೇಕು ಎಂಬುದನ್ನೂ ತಿಳಿಸಿರಿ.
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಅವರನ್ನು ಅಗತ್ಯವಾಗಿ ಸೇರಿಸಿರಿ. ನಮ್ಮ ಜಿಲ್ಲೆಯ ಬಳ್ಳಿಗಾವಿಯಿಂದ ಹಿಡಿದು ಸಣ್ಣ ಊರುಗಳ ಗದ್ದೆಯಂಚಿನವರೆಗೆ ನಿಂತಿರುವ ವೀರಗಲ್ಲುಗಳು ಕಾದಾಡಿ ಮಡಿದವರನ್ನು ಶತಮಾನಗಳಿಂದ ನೆನಪಿನಲ್ಲಿ ಉಳಿಸಿವೆ. ಗಾಯಾಳುವನ್ನು ಹೊತ್ತು ತಂದವನಿಗಾಗಲಿ, ರಾತ್ರಿಯಿಡೀ ಅವನ ಪಕ್ಕದಲ್ಲಿ ಕುಳಿತವಳಿಗಾಗಲಿ ಅಂತಹ ಕಲ್ಲು ನಿಲ್ಲುವುದು ಅಪರೂಪ. ನಿಮ್ಮ ಕಾರ್ಯಕ್ರಮ ಆ ಕೊರತೆಯನ್ನು ಸ್ವಲ್ಪವಾದರೂ ತುಂಬಲಿ ಎಂಬುದು ನನ್ನ ಹಾರೈಕೆ.

ಜ್ವರದ ರೋಗಿಗಳ ಕುರಿತಾದ ಆಕ್ಷೇಪಕ್ಕೆ ಬರ್ಮಾ ಗಡಿಯ ಇತಿಹಾಸವೇ ಉತ್ತರ ಕೊಡುತ್ತದೆ. 1943ರಲ್ಲಿ ಅಲ್ಲಿ ಗಾಯಗೊಂಡು ಹಿಂದಕ್ಕೆ ಸಾಗಿಸಬೇಕಾಗಿ ಬಂದ ಪ್ರತಿ ಒಬ್ಬ ಸೈನಿಕನಿಗೆ ಕಾಯಿಲೆಯಿಂದ ಸಾಗಿಸಬೇಕಾದವರು 120 ಮಂದಿ ಇದ್ದರೆಂದು ಬರ್ಮಾದಲ್ಲಿ ಜಪಾನೀಯರ ವಿರುದ್ಧ ಹೋರಾಡಿದ ಬ್ರಿಟಿಷರ ಹದಿನಾಲ್ಕನೆಯ ಸೇನೆಯ ದಂಡನಾಯಕರಾಗಿದ್ದ ವಿಲಿಯಂ ಸ್ಲಿಮ್ ಬರೆದಿದ್ದಾರೆ. ಮಲೇರಿಯಾ ಮತ್ತು ಆಮಶಂಕೆ ಆ ಸೇನೆಯನ್ನು ಗುಂಡಿಗಿಂತ ಹೆಚ್ಚಾಗಿ ಕಾಡಿದವು. ಮಲೇರಿಯಾ ರೋಗಿಗಳನ್ನು ದೂರದ ಊರುಗಳಿಗೆ ಕಳುಹಿಸಿದರೆ ಅವರು ಮರಳಲು ತಿಂಗಳುಗಳೇ ಹಿಡಿಯುತ್ತಿದ್ದುದರಿಂದ, ರಣರಂಗಕ್ಕೆ ಸಮೀಪದಲ್ಲಿಯೇ ಡೇರೆಗಳನ್ನು ಹಾಕಿ ಚಿಕಿತ್ಸೆ ನೀಡುವ ಘಟಕಗಳನ್ನು ತೆರೆಯಲಾಯಿತು. ಜೊತೆಗೆ ಮಲೇರಿಯಾ ತಡೆಯುವ ಮೆಪಕ್ರಿನ್ ಮಾತ್ರೆಯನ್ನು ಪ್ರತಿಯೊಬ್ಬ ಸೈನಿಕನೂ ನುಂಗುವಂತೆ ನೋಡಿಕೊಳ್ಳುವ ಹೊಣೆಯನ್ನು ಅಧಿಕಾರಿಗಳಿಗೆ ವಹಿಸಲಾಯಿತು. ಚಳಿಜ್ವರಕ್ಕೆ ಮನೆಮನೆಗಳನ್ನೇ ಕಳೆದುಕೊಂಡ ಮಲೆನಾಡಿನವರಿಗೆ, ಆ ಡೇರೆಗಳಲ್ಲಿ ನಡುಗುತ್ತಾ ಮಲಗಿದ್ದವರ ಪಾಡನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಆ ರೋಗಿಗಳ ಕಂಬಳಿ ಹೊದಿಸಿ, ಮಲಮೂತ್ರ ತೆಗೆದು, ಗಂಜಿ ಕುಡಿಸಿದ ನಿಮ್ಮ ಅಜ್ಜನಂಥವರಿಗೂ ಅದೇ ಸೊಳ್ಳೆ ಕಚ್ಚುತ್ತಿತ್ತು, ಅದೇ ಸೋಂಕು ತಗಲುವ ಭಯವಿತ್ತು.

ವೈದ್ಯರನ್ನೂ ದಾದಿಯರನ್ನೂ ನೆನೆದು ಅಲ್ಲಿಗೇ ನಿಲ್ಲಿಸುವುದು ಇಂತಹ ಸಮಾರಂಭಗಳಲ್ಲಿ ರೂಢಿಯಾಗಿಬಿಟ್ಟಿದೆ. ನನಗೆ ಅದು ಒಪ್ಪಿಗೆಯಿಲ್ಲ. ಮೊದಲನೆಯ ಮಹಾಯುದ್ಧದಲ್ಲಿ ಗಾಯಗೊಂಡ ಭಾರತೀಯ ಸೈನಿಕರಿಗಾಗಿ ಇಂಗ್ಲೆಂಡಿನ ಬ್ರಾಕನ್‌ಹರ್ಸ್ಟ್ ಎಂಬಲ್ಲಿ ಲೇಡಿ ಹಾರ್ಡಿಂಜ್ ಆಸ್ಪತ್ರೆ ತೆರೆದಿತ್ತು. ಅಲ್ಲಿ ಸೇವಕನಾಗಿದ್ದ ಸುಖ ಎಂಬ ಭಾರತೀಯ 1915ರ ಜನವರಿ 12ರಂದು ತೀರಿಕೊಂಡ. ಅವನು ಕ್ರೈಸ್ತನಾಗಿರಲಿಲ್ಲ. ಆದರೂ ಊರಿನ ಚರ್ಚಿನ ಅಂಗಳದಲ್ಲಿ ಅವನಿಗೆ ಜಾಗ ಕೊಟ್ಟು, ಅವನ ಹೆಸರು, ಊರು ಮತ್ತು ಕೆಲಸವನ್ನು ಕೆತ್ತಿಸಿದ ಕಲ್ಲನ್ನು ಆ ಊರಿನ ಜನರೇ ನಿಲ್ಲಿಸಿದರು. ಅಂದಿನ ಕಾಲದಲ್ಲಿ ದೊಡ್ಡ ಬಿರುದುಗಳಿದ್ದವರಿಗೆ ಸ್ಮಾರಕಗಳು ಸುಲಭವಾಗಿ ಸಿಗುತ್ತಿದ್ದವು. ಒಬ್ಬ ಸೇವಕನಿಗೆ ಊರವರು ಕಲ್ಲು ನಿಲ್ಲಿಸಿದ್ದು ನನ್ನ ಮಟ್ಟಿಗೆ ಅವೆಲ್ಲಕ್ಕಿಂತ ಮಿಗಿಲಾದ ಗೌರವ. ಆದ್ದರಿಂದ ನಿಮ್ಮ ಪಟ್ಟಿಯಲ್ಲಿ ಅಡುಗೆಯವರು, ಜಾಡಮಾಲಿಗಳು, ದೋಬಿಗಳು, ಸ್ಟ್ರೆಚರ್ ಹೊರುತ್ತಿದ್ದವರು, ಆಂಬ್ಯುಲೆನ್ಸ್ ಚಾಲಕರು ಎಲ್ಲರೂ ಇರಲಿ, ಹೆಸರುಗಳನ್ನು ಹುದ್ದೆಯ ಕ್ರಮದಲ್ಲಿ ಬರೆಯದೆ ಅಕ್ಷರಕ್ರಮದಲ್ಲಿ ಬರೆಯಿರಿ.

ದಾಖಲೆಗಳ ವಿಷಯ. 1943ರ ಏಪ್ರಿಲ್ 3ರಂದು ಇಂಡಿಯನ್ ಆರ್ಮಿ ಮೆಡಿಕಲ್ ಕೋರ್ ರಚನೆಯಾಯಿತು; ಅದಕ್ಕೂ ಮೊದಲು ವಾರ್ಡಿನ ಸಿಬ್ಬಂದಿ ಇಂಡಿಯನ್ ಹಾಸ್ಪಿಟಲ್ ಕೋರ್‌ಗೆ ಸೇರಿದ್ದರು. ಅಜ್ಜನ ಕಾಗದಗಳಲ್ಲಿ ಈ ಎರಡರಲ್ಲಿ ಯಾವ ಹೆಸರಿದ್ದರೂ ಗೊಂದಲಪಡಬೇಡಿರಿ. ಮೊದಲು ಮನೆಯ ಪೆಟ್ಟಿಗೆಯಲ್ಲಿ ಡಿಸ್ಚಾರ್ಜ್ ಪುಸ್ತಕವನ್ನು ಹುಡುಕಿರಿ. ಅದಿಲ್ಲದಿದ್ದರೆ ಪದಕಗಳ ಅಂಚನ್ನು ಬೆಳಕಿಗೆ ಹಿಡಿದು ನೋಡಿರಿ. ಭಾರತೀಯ ಸಿಬ್ಬಂದಿಗೆ ಕೊಟ್ಟ ಪದಕಗಳ ಮೇಲೆ ಸಾಮಾನ್ಯವಾಗಿ ಸೇವಾಸಂಖ್ಯೆಯನ್ನೂ ಹೆಸರನ್ನೂ ಕೆತ್ತಿರುತ್ತಿದ್ದರು. ಆ ಸಂಖ್ಯೆಯೊಂದಿಗೆ ಲಖನೌದಲ್ಲಿರುವ ಆರ್ಮಿ ಮೆಡಿಕಲ್ ಕೋರ್ ದಾಖಲೆ ಕಚೇರಿಗೆ ಪತ್ರ ಬರೆಯಿರಿ. ರಾಜ್ಯದ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಮೂಲಕ ಬರೆಯುವುದು ಒಳ್ಳೆಯದು.

ಏಪ್ರಿಲ್ 3ನ್ನು ಸೇನೆಯ ವೈದ್ಯಕೀಯ ವಿಭಾಗವು ಈಗಲೂ ತನ್ನ ಸ್ಥಾಪನಾ ದಿನವೆಂದು ಆಚರಿಸುತ್ತದೆ. ಮಳೆಗಾಲಕ್ಕೆ ಇನ್ನೂ ಸಮಯವಿರುವುದರಿಂದ ವಯಸ್ಸಾದವರು ಬಂದುಹೋಗಲು ಆ ದಿನವೇ ಅನುಕೂಲ.

ಕೊನೆಯದಾಗಿ ಒಂದು ವಿನಂತಿ. ನಂತರದ ಯುದ್ಧಗಳಲ್ಲಿ ಗಾಯಗೊಂಡು ಆಸ್ಪತ್ರೆ ಸೇರಿದ್ದವರು ನಿಮ್ಮ ತಾಲ್ಲೂಕಿನಲ್ಲಿ ಇಂದಿಗೂ ಬದುಕಿರಬಹುದು. ಅವರನ್ನು ವೇದಿಕೆಗೆ ಕರೆದು ಗಾಯದ ಕಥೆ ಹೇಳಿಸುವ ಮೊದಲು ಮನೆಗೆ ಹೋಗಿ ಅವರ ಒಪ್ಪಿಗೆ ಕೇಳಿರಿ. ದೇಹದ ಗಾಯಕ್ಕಿಂತ ಮನಸ್ಸಿನ ಗಾಯಕ್ಕೆ ಚಿಕಿತ್ಸೆ ಪಡೆದವರಿದ್ದರಂತೂ ಅವರು ತಾವಾಗಿ ಹೇಳಿದಷ್ಟನ್ನು ಮಾತ್ರ ಸಭೆಯಲ್ಲಿ ಹೇಳಿರಿ. ಬೇಡವೆಂದವರಿಗೆ ಶಾಲು ಮತ್ತು ಹಣ್ಣನ್ನು ಮನೆಗೇ ಒಯ್ದು ಕೊಟ್ಟು ಬನ್ನಿರಿ.