47ರಲ್ಲಿ ಓಟ ಶುರು ಮಾಡಿ ಮ್ಯಾರಥಾನ್ ಓಡಬಹುದಾ, ಅದೂ ಮಂಗಳೂರಿನ ಸೆಕೆಯಲ್ಲಿ?

ನಿಮಗೆ 47, ಮಂಗಳೂರಿನಲ್ಲಿ ಮನೆ, ಎರಡು ಕಿಲೋಮೀಟರ್ ಆಗುವಷ್ಟರಲ್ಲಿ ಏದುಸಿರು, ಇನ್ನು ಮ್ಯಾರಥಾನ್ ಆಸೆ ಇಟ್ಟುಕೊಳ್ಳಬಹುದಾ ಅಂತ ಕೇಳಿದ್ದೀರಿ. ಧಾರಾಳವಾಗಿ. ನಾನು ಉಡುಪಿಯವಳು. ಶುರು ಮಾಡುವಾಗ ನನಗೆ 46, ಈಗ 52. ಆಗ ಚೂಡಿದಾರ್‌ನಲ್ಲೇ ಓಡುತ್ತಿದ್ದೆ. ಹಾಲಿನವರು ಸ್ಕೂಟರ್ ನಿಲ್ಲಿಸಿ, "ಎಂತ ಅಕ್ಕಾ, ಬಸ್ ತಪ್ಪಿತಾ? ಕೂತ್ಕೊಳ್ಳಿ, ಬಿಡ್ತೇನೆ" ಅಂದಿದ್ದರು.

ಮೊದಲು ಡಾಕ್ಟರ ಹತ್ತಿರ ಹೋಗಿ. ಬಿಪಿ, ಶುಗರ್, ಇಸಿಜಿ. ನನಗೆ ಹಿಮೋಗ್ಲೋಬಿನ್ ಕಮ್ಮಿ, 9.8 ಇತ್ತು. ಸುಸ್ತಿಗೆ ವಯಸ್ಸು ಕಾರಣ ಅಂದುಕೊಂಡು ಎಷ್ಟು ದಿನ ಸುಮ್ನೆ ಇದ್ದೆನೋ!

ಅದೆಲ್ಲ ಸರಿ ಇದ್ದರೆ, ನಿಮ್ಮ ಏದುಸಿರಿಗೆ ಕಾರಣ ಬಹುಶಃ ವೇಗ ಮಾರಾಯ್ರೆ, ವಯಸ್ಸಲ್ಲ. ಪಕ್ಕದವರ ಜೊತೆ ಮಾತಾಡುತ್ತಾ ಹೋಗುವಷ್ಟು ನಿಧಾನ ಇರಬೇಕು. ನಾನು ಎರಡು ತಿಂಗಳು ಒಂದು ನಿಮಿಷ ಓಡಿ ಎರಡು ನಿಮಿಷ ನಡೆಯುತ್ತಿದ್ದೆ. ವಾರಕ್ಕೆ ಮೂರೇ ದಿನ. ಉಸಿರು ಬೇಗ ಪಳಗುತ್ತದೆ, ಮೂಳೆ, ಮಂಡಿಗಳಿಗೆ ತಿಂಗಳುಗಟ್ಟಲೆ ಬೇಕು. ಎಡವಟ್ಟಾಗುವುದು ಅಲ್ಲೇ.

ಇನ್ನು ಸೆಕೆ. ಬೆವರು ಆರಿದರೆ ಮಾತ್ರ ಮೈ ತಣ್ಣಗಾಗುವುದು. ನಮ್ಮ ಗಾಳಿಯಲ್ಲೇ ನೀರು ತುಂಬಿರುತ್ತದೆ, ಬೆವರು ಆರುವುದು ಎಲ್ಲಿಂದ? ಸುಮ್ನೆ ಸುರಿಯುತ್ತದೆ. ಒಮ್ಮೆ ಏಪ್ರಿಲ್‌ನಲ್ಲಿ ಪಡುಕೆರೆ ರಸ್ತೆಯಲ್ಲಿ 14 ಕಿ.ಮೀ. ಓಡಿದೆ. ಕೊನೆಗೆ ಒಂದೊಂದು ಹೆಜ್ಜೆಗೂ ಶೂ ಒಳಗೆ ಪಚ್ ಪಚ್ ಶಬ್ದ. ಮಳೆ ಇಲ್ಲ, ಸಮುದ್ರಕ್ಕೆ ಕಾಲಿಟ್ಟಿಲ್ಲ. ಮನೆಗೆ ಬಂದು ಕಾಲುಚೀಲ ಹಿಂಡಿದರೆ ಒಗೆದ ಬಟ್ಟೆಯ ಹಾಗೆ ನೀರು. ಹೊರಡುವಾಗ 64 ಕಿಲೋ ಇದ್ದವಳು 62.6ಕ್ಕೆ ಇಳಿದಿದ್ದೆ. ಇಷ್ಟು ಬೆವರಿದ ಮೇಲೆ ಬರೀ ನೀರು ಲೀಟರ್‌ಗಟ್ಟಲೆ ಕುಡಿಯಬೇಡಿ, ರಕ್ತದಲ್ಲಿ ಉಪ್ಪಿನಂಶ ಕಮ್ಮಿಯಾಗಿ ಅಪಾಯ ಆಗಬಹುದು. ಓಡುವಾಗ ನಾನು ಓಆರ್‌ಎಸ್ ಇಟ್ಟುಕೊಳ್ಳುತ್ತೇನೆ. ಮನೆಗೆ ಬಂದ ಮೇಲೆ ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ. ಬಿಪಿ ಇದ್ದರೆ ಮಾತ್ರ ಉಪ್ಪಿನ ವಿಷಯ ಡಾಕ್ಟರನ್ನೇ ಕೇಳಿ.

ಹಾಗಾಗಿ ಬೆಂಗಳೂರಿನವರ ಟೈಮಿಂಗ್ ನೋಡಿ ಹೊಟ್ಟೆ ಉರಿಸಿಕೊಳ್ಳಬೇಡಿ. ಇಲ್ಲಿ ಕಿಲೋಮೀಟರಿಗೆ ಎಂಟು ನಿಮಿಷ ತೆಗೆದುಕೊಳ್ಳುವ ನಾನು, ಜನವರಿಯಲ್ಲಿ ತಮ್ಮನ ಜೊತೆ ಕಬ್ಬನ್ ಪಾರ್ಕಿನಲ್ಲಿ ಅಷ್ಟೇ ಕಷ್ಟಪಟ್ಟು ಏಳರಲ್ಲಿ ಓಡಿದೆ. ತಮ್ಮನಿಗೆ ಸ್ವಲ್ಪ ಬೇಜಾರಾಯಿತು.

ಎಲ್ಲರೂ "ಬೀಚಲ್ಲಿ ಓಡಿ, ಮಂಡಿಗೆ ಒಳ್ಳೇದು" ಅಂತಾರೆ. ನಾನೂ ನಂಬಿ ಮಲ್ಪೆಯಲ್ಲಿ ಒಂದು ತಿಂಗಳು ಓಡಿದೆ. ಮರಳು ಸಮುದ್ರದ ಕಡೆ ಇಳಿಜಾರು ಅಲ್ವಾ? ಒಂದು ಕಾಲು ಮೇಲೆ, ಒಂದು ಕಾಲು ಕೆಳಗೆ. ಮಂಡಿಯ ಹೊರಬದಿ ನೋವು ಹಿಡಿದು ಆರು ವಾರ ಮನೆಯಲ್ಲೇ ಕೂತೆ. ಪಣಂಬೂರಿಗೆ ಹೋದರೆ ಗಟ್ಟಿ ಮರಳಿನ ಮೇಲೆ ಸ್ವಲ್ಪವೇ ಓಡಿ. ಮಂಗಳಾ ಸ್ಟೇಡಿಯಂ ಟ್ರ್ಯಾಕ್ ಒಳ್ಳೆಯದು. ಆಮೇಲೆ ಕದ್ರಿ ಗುಡ್ಡದ ಏರು ಬಿಡಬೇಡಿ.

ಏರಿನ ಬೆಲೆ ನನಗೆ ಗೊತ್ತಾಗಿದ್ದು ಮುಂಬೈಯಲ್ಲಿ. ಓಟ ಶುರು ಮಾಡಿ ಒಂದೂವರೆ ವರ್ಷಕ್ಕೆ 21 ಕಿ.ಮೀ. ಓಡಿದ್ದೆ, ಮೂರು ವರ್ಷದ ಮೇಲೆ ಮುಂಬೈ ಮ್ಯಾರಥಾನ್‌ನಲ್ಲಿ ಪೂರ್ತಿ 42.195 ಕಿ.ಮೀ. ಸುಮಾರು 30 ಕಿ.ಮೀ. ಆದ ಮೇಲೆ ಮೈಯಲ್ಲಿ ಕೂಡಿಟ್ಟ ಸಕ್ಕರೆ ಖಾಲಿಯಾಗುತ್ತಾ ಬರುತ್ತದೆ, ಕಾಲು ಬೇರೆ ಯಾರದ್ದೋ ಅನ್ನಿಸುತ್ತದೆ. ಪೆಡ್ಡರ್ ರೋಡಿನ ಏರು ಬರುವುದು ಅದರ ನಂತರ! ಇಂದ್ರಾಳಿಯಿಂದ ಮಣಿಪಾಲಕ್ಕೆ ಹತ್ತಿ ಹತ್ತಿ ಅಭ್ಯಾಸ ಆಗಿದ್ದರಿಂದ ನಡೆದುಕೊಂಡಾದರೂ ದಾಟಿದೆ. ದಾರಿಯಲ್ಲಿ ತಿನ್ನುವುದನ್ನೂ ಮೊದಲೇ ರೂಢಿ ಮಾಡಿಕೊಳ್ಳಿ. ನನಗೆ ಖರ್ಜೂರ ಒಗ್ಗುತ್ತದೆ, ಓಟಗಾರರು ತಿನ್ನುವ ಅಂಗಡಿಯ ಎನರ್ಜಿ ಜೆಲ್ ಒಗ್ಗುವುದಿಲ್ಲ.

5 ಗಂಟೆ 52 ನಿಮಿಷ ಬೇಕಾಯಿತು. ಮರುದಿನ ಮತ್ಸ್ಯಗಂಧ ರೈಲಿನಲ್ಲಿ ವಾಪಸ್. ಟಿಕೆಟ್ ಮಾಡಿದ್ದು ಗಂಡ, ಸಿಕ್ಕಿದ್ದು ಅಪ್ಪರ್ ಬರ್ತ್. ಕಾಲು ಎತ್ತಿ ಮೆಟ್ಟಿಲ ಮೇಲೆ ಇಡಲಿಕ್ಕೇ ಆಗುತ್ತಿಲ್ಲ. ಕೆಳಗಿನ ಬರ್ತ್‌ನಲ್ಲಿದ್ದ ಅಜ್ಜಿ ನನ್ನನ್ನು ನೋಡಿ, "ಪಾಪ, ಸಂಧಿವಾತವಾ ಮಗಾ?" ಅಂತ ಕೇಳಿ ತಾನೇ ಸರಿದು ಜಾಗ ಕೊಟ್ಟರು.